ಮಂಗಳವಾರದ ಹೌದು

ಮತ್ತೆ ಅದೇ ತೌಡಿನ ವಾಸನೆ, ಗಾಜು ಎಳೆದರೂ ಸಂದಿಯಲ್ಲಿ ನುಗ್ಗುತ್ತದೆ, ಸಿಂಧನೂರಿನ ರೈಸ್ ಮಿಲ್ಲುಗಳು ಮುಗಿಯುವ ತನಕ ಮೂಗಿಗೆ ಬಿಡುವಿಲ್ಲ, ಮುಂದಿನ ಸೀಟಿನವನ ಕುತ್ತಿಗೆಯ ಮೇಲೂ ತೌಡು ಕೂತಿದೆ, ಅಥವಾ ಪೌಡರೋ, ಯಾರಿಗೆ ಗೊತ್ತು, ಒಂದನ್ನು ನೋಡಿ ಇನ್ನೊಂದಿರಬಹುದು ಅನ್ನುವ ರೋಗ ನನಗೆ ಮಂಗಳವಾರದಿಂದ ಹತ್ತಿದೆ — ಅಲ್ಲ, ನಿನ್ನೆಯಿಂದ, ನಡೆದದ್ದು ಮಂಗಳವಾರ, ಕಂಡದ್ದು ನಿನ್ನೆ. ಕಂಡಕ್ಟರ್ ಬಂದ, ಆಧಾರ್ ತೋರಸ್ರಿ ಅಕ್ಕಾರ ಅಂದ, ನಾನು ಬ್ಯಾಗಿಗೆ ಕೈ ಹಾಕುವ ಮೊದಲೇ ಪಕ್ಕದಲ್ಲಿದ್ದ ಗಂಡ ನಾಸೀರ್ ತನ್ನ ಅಂಗಿಯ ಜೇಬಿನಿಂದ ನನ್ನ ಕಾರ್ಡ್ ತೆಗೆದು ಹಿಡಿದ, ಹುಸ್ನಾ ಬೇಗಂ, ನನ್ನ ಮುಖ ಅವನ ಎರಡು ಬೆರಳಿನ ನಡುವೆ, ಹೆಂಗಸರಿಗೆ ಸೊನ್ನೆ ಟಿಕೆಟ್, ಅವನಿಗೆ ಲಿಂಗಸುಗೂರಿನ ತನಕ ಪೂರ್ತಿ. ಕಾರ್ಡ್ ಅವನ ಜೇಬಿಗೆ ಯಾವಾಗ ಹೋಯಿತು ಎಂದು ಕೇಳಲಿಲ್ಲ. ಕೇಳಿದರೆ, ನೀ ಕಳಕೋತಿ ಅಂತ ಇಟಗೊಂಡೀನಿ ಅಂತಾನೆ, ಅದು ಸುಳ್ಳೂ ಅಲ್ಲ, ಎರಡು ಸಲ ಕಳೆದಿದ್ದೇನೆ. ಅಂಕಪಟ್ಟಿಗಳ ಫೈಲೂ ಅವನ ತೊಡೆಯ ಮೇಲಿದೆ. ಬಿ.ಎಡ್ ಸೀಟು ಸಿಕ್ಕಿದ್ದು ನನಗೆ, ಕಾಲೇಜು ನನ್ನ ತವರು ಲಿಂಗಸುಗೂರಿನಲ್ಲಿ, ಇವತ್ತು ಕಾಗದ ತೋರಿಸಿ ಬರುವುದು, ಫೀ ಕಟ್ಟಲು ತಿಂಗಳ ಗಡುವು. ಓದು, ಬ್ಯಾಡ ಅಂದೋರು ಯಾರು ಅನ್ನುತ್ತಾನೆ. ಮದುವೆಯಾದ ಮೇಲೆ ಅವನು ಯಾವುದಕ್ಕೂ ಬೇಡ ಅಂದದ್ದು ನೆನಪಿಲ್ಲ. ವಾರಪೂರ್ತಿ ಅಮ್ಮಿಯ ಮನೆಯಲ್ಲಿ ಇರಬೇಕಾಗುತ್ತದೆ ಅಂದಾಗಲೂ, ಇರು, ಸುಮ್ನ ಇರು ಅಂದ, ಆಮೇಲೆ ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದ. ಬೇಡ ಅನ್ನುವ ಗಂಡನ ಜೊತೆ ಜಗಳವಾಡಬಹುದು, ಬೇಡ ಅನ್ನದವನ ಜೊತೆ ಏನು ಮಾಡುವುದು, ಟಿವಿಯ ಸದ್ದಿನ ಮೇಲೆ ಕೇಸು ಹಾಕಲು ಬರುವುದಿಲ್ಲ.

ಭಾನುವಾರ ನಾನು ಫೋನಿನಲ್ಲಿ ವೋಟು ಹಾಕಿದ್ದು ಇಲ್ಲ ಅಂತ. ಅದರಲ್ಲಿ ಅನುಮಾನವಿಲ್ಲ, ಅಡುಗೆಮನೆಯಲ್ಲಿ ನಿಂತು ಹಾಕಿದೆ, ಒಲೆಯ ಮೇಲೆ ಹಾಲಿತ್ತು, ಗುಂಡಿ ಒತ್ತಿದೆ, ಹಾಲು ಉಕ್ಕಲಿಲ್ಲ. ಆ ಗುಂಡಿಯ ಮೇಲಿನ ಕನ್ನಡವೂ ನನ್ನದೇ. ಡಿಗ್ರಿಯಲ್ಲಿದ್ದಾಗ ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು, ಒಂದು ಕಡೆ ಯಾರೂ ಎರವಲು ಒಯ್ಯದ ದಪ್ಪ ಕಾದಂಬರಿ, ಇನ್ನೊಂದು ಕಡೆ ಒಡೆದ ಗಾಜಿನ ಫೋನು, ಕ್ರಿಪ್ಟೊ ನಾಣ್ಯ ಇಡುವ ಒಂದು ವ್ಯಾಲೆಟ್ ಆಪಿನ ಸಾಲು ಸಾಲಿಗೂ ಕನ್ನಡ ಬರೆದುಕೊಟ್ಟೆ, ಎಲ್ಲೋ ಇದ್ದ ಅವರು ಕೂಲಿಯನ್ನು ತಮ್ಮ ಟೋಕನ್‌ನಲ್ಲೇ, ಆ ನಾಣ್ಯದಲ್ಲೇ ಕೊಟ್ಟರು. ಮಾರಲಿಲ್ಲ, ಒತ್ತೆ ಇಟ್ಟೆ. ಒತ್ತೆ ಇಟ್ಟ ಟೋಕನ್‌ಗಳು ಜಾಲದ ಲೆಕ್ಕಾಚಾರಕ್ಕೆ ಜಾಮೀನಾಗಿ ನಿಲ್ಲುತ್ತವೆ, ಅದಕ್ಕೆ ಪ್ರತಿಯಾಗಿ ದಿನಾ ಒಂದಿಷ್ಟು ಮರಿ ಹಾಕುತ್ತವೆ, ಜಾಲದ ನಿಯಮ ಬದಲಿಸುವಾಗ ಒತ್ತೆ ಇಟ್ಟವರಿಗೆಲ್ಲ ವೋಟು. ಆ ಒತ್ತೆ ಕಾಯುವ ಕಂಪ್ಯೂಟರ್ ನಡೆಸುವವನು ಲಕ್ಷ್ಮಣ, ನಾಸೀರನ ಕಾಲೇಜು ಗೆಳೆಯ, ಲಿಂಗಸುಗೂರಿನಲ್ಲಿ ಫ್ಲೆಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಬ್ಯಾಟರಿ ಇಟ್ಟು ಓಡಿಸುತ್ತಾನೆ, ನಮ್ಮ ಮರಿಗಳಲ್ಲಿ ಅವನಿಗೆ ಪಾಲು. ಅತ್ತೆ ಮೈಮುನಾಬಿಗೆ ಇದನ್ನೆಲ್ಲ ಹೇಳಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು, ಅಕ್ಕಿ ಆರಿಸುತ್ತಾ ಕೇಳಿದಳು, ಕುಂತು ತಿನ್ನೂದು ಸೂದ್ ಆಗ್ತದಲ್ಲವಾ, ಹರಾಮ್ ಅಲ್ಲೇನು ಅಂದಳು, ಸೂದ್ ಅಲ್ಲ ಅತ್ತಿ, ಬಡ್ಡಿ ಅಲ್ಲ, ಕಾಯೋ ಕೂಲಿ, ವೋಟ್ ಹಾಕೋ ಕೂಲಿ ಅಂದೆ, ಅವಳು ಕಲ್ಲು ಎಸೆದು ಅಂದಳು, ಕೈ ಎತ್ತೂದಕ್ಕ ಕೂಲಿನಾ, ನಾ ಐದು ವರ್ಷ ಕೈ ಎತ್ತೀನಿ, ನನಗ ಚಾ ಬಿಸ್ಕೀಟ್ ಅಷ್ಟ ಕೊಟ್ಟಾರ. ಗೊರೇಬಾಳದಲ್ಲಿ ಅವಳು ಆಗ ಪಂಚಾಯ್ತಿ ಮೆಂಬರ್, ಹೆಂಗಸರ ಮೀಸಲು ಸೀಟು. ಊರೆಲ್ಲ ಮೆಂಬರ್ ಸಾಬ್ ಅಂತ ಕರೆಯುತ್ತಿದ್ದದ್ದು ಮಾವ ಅಮೀನ್‌ಸಾಬನನ್ನು. ಸಭೆಯಲ್ಲಿ ಅವಳು ಒಳಗೆ ಕುರ್ಚಿಯಲ್ಲಿ, ಅವನು ಹೊರಗೆ ಕಿಟಕಿಯ ಹತ್ತಿರ, ಅವನು ಕೆಮ್ಮಿದರೆ ಇವಳು ಕೈ ಎತ್ತಬೇಕು. ಒಮ್ಮಿ ಅವ್ರಿಗೆ ಖರೇನ ಕೆಮ್ಮು ಬಂದಿತ್ತವಾ, ನಾ ಎಲ್ಲಾದಕ್ಕೂ ಕೈ ಎತ್ತಿ ಕುಂತೆ, ಒಂದ ಚರಂಡಿ ಮೂರು ಸಲ ಪಾಸ್ ಆತು ಅಂದಳು, ನಾನು ನಕ್ಕೆ, ಅವಳೂ ನಕ್ಕಳು, ನಾಸೀರ್ ಒಳಗಿನಿಂದ ಏನು ಅಂತ ಕೇಳಿದಾಗ ಇಬ್ಬರೂ ಏನಿಲ್ಲ ಅಂದೆವು.

ಈ ಸಲದ ವೋಟಿನ ಪ್ರಶ್ನೆ ಬಾಗಿಲು ಮುಚ್ಚುವುದರದು. ಬೆಲೆ ಇಳಿಯುತ್ತಿದೆ, ಜನ ಒತ್ತೆ ಬಿಡಿಸಿಕೊಂಡು ಓಡುತ್ತಿದ್ದಾರೆ, ಬಿಡಿಸಿದ ಟೋಕನ್ ಕೈಗೆ ಬರಲು ಈಗ ಮೂರು ವಾರ ಕಾಯಬೇಕು, ಅದನ್ನು ಮೂರು ತಿಂಗಳು ಮಾಡೋಣವೇ, ಈಗಾಗಲೇ ಸಾಲಿನಲ್ಲಿ ನಿಂತವರಿಗೂ. ನಾನು ಸಾಲಿನಲ್ಲಿದ್ದೇನೆ. ಅರ್ಧ ಬಿಡಿಸಲು ಹಾಕಿದ್ದೇನೆ, ಅದೇ ಫೀ, ಉಳಿದರ್ಧ ಇನ್ನೂ ಒತ್ತೆಯಲ್ಲಿ, ಅದರದೇ ವೋಟು. ಮೂರು ತಿಂಗಳೆಂದರೆ ಸೀಟು ಹೋಯಿತು, ಮುಂದಿನ ವರ್ಷ ಅನ್ನುತ್ತಾರೆ, ಮುಂದಿನ ವರ್ಷ ಹೊಟ್ಟೆಯಲ್ಲೋ ಕಂಕುಳಲ್ಲೋ ಒಂದಿರುತ್ತದೆ, ಅಷ್ಟೇ ಓದು. ಅದಕ್ಕೇ ಇಲ್ಲ. ಲಕ್ಷ್ಮಣನಿಗೆ ಬೇಕಾದದ್ದು ಹೌದು, ಜನ ಒತ್ತೆ ಬಿಡಿಸಿದಷ್ಟೂ ಅವನ ಪಾಲು ಕಡಿಮೆ. ಯಾರು ಏನು ಹಾಕಿದರೆಂದು ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆ, ಗುಟ್ಟಿಲ್ಲ, ಲಕ್ಷ್ಮಣ ಅದೇ ಸಂಜೆ ಫೋನ್ ಮಾಡಿದ — ನನಗಲ್ಲ, ನಾಸೀರನಿಗೆ. ನನ್ನ ವೋಟು, ಅವನ ಫೋನು. ಕಿಟಕಿಯ ಹತ್ತಿರ ಕೆಮ್ಮಿದ ಹಾಗೆ. ನಾಸೀರ್ ಹಿತ್ತಲಿಗೆ ಹೋಗಿ ಮಾತಾಡಿದ, ನಕ್ಕ, ಆತು ಬಿಡಲೇ, ನೋಡ್ತೀನಿ ಅಂದದ್ದಷ್ಟೇ ಕೇಳಿಸಿತು, ಒಳಗೆ ಬಂದು ನನಗೆ ಹೇಳಿದ್ದು, ಲಕ್ಷ್ಮಣ ಸಲಾಂ ಹೇಳ್ಯಾನ. ಆಮೇಲೆ ನನಗೆ ಜ್ವರ. ಮಂಗಳವಾರ ಮಧ್ಯಾಹ್ನ ಗುಳಿಗೆ ನುಂಗಿ ಮಲಗಿದವಳು ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಎದ್ದೆ, ಬಾಯಿ ಕಹಿ, ಅತ್ತೆ ಗಂಜಿ ತಂದು, ನಾಸೀರ ಊಟಕ್ಕ ಬಂದಾವ ತಿರುಗಿ ತನ್ನ ಅಂಗಡಿಗೇ ಹೋಗಿಲ್ಲವಾ, ನಿನ್ನ ಕೈ ಹಿಡಕೊಂಡು ಮಂಚದ ತುದೀಗೆ ಕುಂತಿದ್ದ, ನಮ್ಮೋರು ಒಂದಿನ ಹಂಗ ಕುಂತಿಲ್ಲ, ನೀ ನಸೀಬ್ ಮಾಡೀದಿ ಅಂದಳು. ನಾನು ಒಂದು ದಿನ ಪೂರ್ತಿ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ, ಕೈ ಹಿಡಕೊಂಡು ಕುಂತಿದ್ದ, ಯಾವ ಪುಸ್ತಕದಲ್ಲಿ ಓದಿದ್ದರೂ ಸುಳ್ಳೆಂದು ಮುಚ್ಚಿಡುತ್ತಿದ್ದೆ, ಜೀವನದಲ್ಲಿ ನಂಬಿದೆ. ನಿನ್ನೆ ಆಪ್ ತೆಗೆದರೆ ಇಲ್ಲ ಇದ್ದ ಜಾಗದಲ್ಲಿ ಹೌದು. ಬದಲಾದದ್ದು ಮಂಗಳವಾರ ಮಧ್ಯಾಹ್ನ. ವೋಟನ್ನು ಮುಗಿಯುವ ತನಕ ಎಷ್ಟು ಸಲವಾದರೂ ತಿರುಗಿಸಬಹುದು, ಆದರೆ ತಿರುಗಿಸಲು ಆಪ್ ಕೇಳುವುದು ಬೆರಳು, ಆ ಫೋನಿಗೆ ಗೊತ್ತಿರುವುದು ನನ್ನ ಹೆಬ್ಬೆರಳೊಂದೇ, ಪಾಸ್‌ವರ್ಡ್ ಯಾರಿಗೂ ಹೇಳಿಲ್ಲ. ಇದು ನೀವೇ ಎಂದು ಬೆರಳಿಟ್ಟು ದೃಢಪಡಿಸಿ — ಆ ಸಾಲನ್ನೂ ನಾನೇ ಬರೆದದ್ದು, ಅವನು ಅದನ್ನು ಓದಿರಬೇಕು, ಓದಿ ನನ್ನ ಕೈ ಹಿಡಿದಿರಬೇಕು, ಮಂಚದ ತುದಿ, ನನ್ನ ಕೈ, ಅವನ ಕೈ.

ಮಸ್ಕಿ ಬಂದಿದೆ. ಇಳಿದು ಸೌತೆಕಾಯಿ ತಂದುಕೊಟ್ಟ, ಉಪ್ಪು ಖಾರ ಬೇರೆ ಪೊಟ್ಟಣದಲ್ಲಿ, ಬಾಯಿ ಕಹಿ ಅಂತಿದ್ದಿ, ಇದನ್ನ ತಿನ್ನು ಅಂದ, ಮತ್ತೆ ನೀರಿನ ಬಾಟಲಿಗೆ ಇಳಿದ. ಇಂಥ ಹೊತ್ತಿಗೆ ನನಗೆ ನನ್ನ ಮೇಲೇ ಅನುಮಾನ. ಜ್ವರದಲ್ಲಿ ನಾನೇ ಒತ್ತಿದೆನೋ, ಕನಸಿನಲ್ಲಿ ಎದ್ದು ಹೌದು ಅಂದೆನೋ, ಹೌದು ಅಂದು ಅಂದು ರೂಢಿಯಾದ ಬೆರಳು. ಅಥವಾ ಆಪ್‌ನಲ್ಲೇ ದೋಷವೋ. ಅಥವಾ ಅತ್ತೆ ಬೇಕೆಂದೇ ಹೇಳಿದಳೋ ಆ ಮಾತನ್ನು, ನಸೀಬ್ ಅಂದಾಗ ಅವಳು ನನ್ನ ಮುಖ ನೋಡಲಿಲ್ಲ, ಗಂಜಿಯನ್ನೇ ನೋಡುತ್ತಿದ್ದಳು, ಐದು ವರ್ಷ ಕೆಮ್ಮು ಕೇಳಿದವಳಿಗೆ ಕೈ ಹಿಡಿಯುವುದರಲ್ಲಿ ಎಷ್ಟು ಬಗೆ ಅಂತ ಗೊತ್ತಿಲ್ಲದೆ ಇರುತ್ತದೆಯೇ. ಇಲ್ಲಿಯ ಶಾಸನದ ಬಂಡೆ ನೋಡಲು ನಮ್ಮನ್ನು ಶಾಲೆಯಿಂದ ಕರೆತಂದಿದ್ದರು, ಕೊರೆದದ್ದು ದೊರೆಯ ಮಾತು, ಉಳಿ ಹಿಡಿದದ್ದು ಬೇರೆ ಯಾರದೋ ಕೈ, ಮೇಷ್ಟ್ರು ಆ ಕೈಯ ಹೆಸರು ಹೇಳಲಿಲ್ಲ, ನಾವೂ ಕೇಳಲಿಲ್ಲ, ಬಿಸಿಲಿತ್ತು. ಫೋನ್ ತೆಗೆದು ನೋಡುತ್ತೇನೆ, ಹೌದು ಕೂದಲೆಳೆಯಷ್ಟು ಮುಂದಿದೆ, ಸಂಜೆಗೆ ಮುಗಿಯುತ್ತದೆ. ನನ್ನದೊಂದರಿಂದ ಬಾಗಿಲು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಆದರೆ ತಿರುಗಿಸಿದರೆ ಕಾಣುತ್ತದೆ, ಲಕ್ಷ್ಮಣನಿಗೆ ಕಾಣುತ್ತದೆ, ಅವನಿಂದ ಇವನಿಗೆ, ನನಗೆ ಗೊತ್ತಾಗಿದೆ ಅಂತ ಇವನಿಗೆ ಗೊತ್ತಾಗುತ್ತದೆ, ಆಮೇಲೆ ಅದೇ ಮಂಚ, ಅದೇ ಗಂಜಿ. ತಿರುಗಿಸದಿದ್ದರೆ ಇವನು ತಪ್ಪಿತಸ್ಥನೂ ಅಲ್ಲ, ನಾನು ಮೋಸ ಹೋದವಳೂ ಅಲ್ಲ, ಕೈ ಹಿಡಕೊಂಡು ಕುಂತಿದ್ದ ಅಷ್ಟೇ, ಸೌತೆಕಾಯಿ ಚೆನ್ನಾಗಿದೆ, ಅದಕ್ಕೇ ಸಿಟ್ಟು ಬರುತ್ತದೆ, ಚೆನ್ನಾಗಿಯೇ ಇದೆ.

ಬಸ್ಸು ಬಿಟ್ಟಿತು, ಗದ್ದೆ ಮುಗಿದು ತೊಗರಿಯ ಹೊಲ ಶುರು. ಜ್ವರ ಅದ ಏನು ನೋಡ್ತೀನಿ ಅಂತ ನನ್ನ ಎಡಗೈಯ ಮಣಿಕಟ್ಟು ಹಿಡಿದ, ಇಲ್ಲ, ತಣ್ಣಗದ ಅಂದ, ಬಿಡಲಿಲ್ಲ, ಹಾಗೇ ತಲೆ ಹಿಂದಕ್ಕೆ ಇಟ್ಟು ಕಣ್ಣು ಮುಚ್ಚಿದ, ಬಾಯಿ ಸ್ವಲ್ಪ ತೆರೆದಿದೆ, ಉಸಿರು ಉದ್ದವಾಗಿದೆ. ಬಲಗೈ ನನ್ನದೇ ಇದೆ. ಫೋನ್ ಬಲಗೈಯಲ್ಲಿ, ಗುಂಡಿ ಬಲ ಹೆಬ್ಬೆರಳಿನ ಕೆಳಗೆ, ಮತ ಬದಲಾಯಿಸಿ, ಇಲ್ಲ, ಇದು ನೀವೇ ಎಂದು ಬೆರಳಿಟ್ಟು ದೃಢಪಡಿಸಿ, ಇಟ್ಟೆ. ಏನೂ ಆಗಲಿಲ್ಲ, ಬಸ್ಸು ಹೋಗುತ್ತಲೇ ಇತ್ತು, ಹಿಂದಿನ ಸೀಟಿನಲ್ಲಿ ಯಾರೋ ಕಿತ್ತಳೆ ಸುಲಿಯುತ್ತಿದ್ದರು. ಹೌದು ಹೋಗಿ ಇಲ್ಲ ಬಂತು, ಅಷ್ಟೇ. ಆಮೇಲೆ ಅವನ ಜೇಬಿನಲ್ಲಿ, ನನ್ನ ಆಧಾರ್ ಇರುವ ಜೇಬಿನಲ್ಲೇ, ಫೋನು ನಡುಗಿತು. ಅವನು ಏಳಲಿಲ್ಲ. ನಡುಗಿ ನಿಂತು ಮತ್ತೆ ನಡುಗಿತು, ನಾನು ಎರಡು ಬೆರಳಲ್ಲಿ ಎಳೆದೆ, ಲಕ್ಷ್ಮಣ ಅಂತ ಹೆಸರು, ಒತ್ತಿ ಕಿವಿಗೆ ಇಟ್ಟುಕೊಂಡೆ, ಹಲೋ ಅನ್ನಲಿಲ್ಲ. ಲೇ ನಾಸೀರ, ನಿನ್ನ ಮನಿಯಾಕಿ ಮತ್ತ ತಿರುಗಿಸ್ಯಾಳಲ್ಲೋ ಅಂದ, ನೀ ಮೊನ್ನಿ ಹಾಕಿದ್ದೆಲ್ಲಾ ನೀರಾಗ ಹೋತು, ಮೂರು ತಿಂಗಳು ಕಟ್ಟಿ ಹಾಕಿದ್ರ ಕಾಲೇಜ್ ಹುಚ್ಚು ತಾನ ಇಳೀತದ ಅಂತ ನೀನ ಹೇಳಿದ್ದಿ, ಈಗ ನೋಡು. ಸಂಜಿ ತನಕ ಟೈಮ್ ಅದ, ಇನ್ನೊಮ್ಮಿ ಹಾಕು, ಕೇಳಾಕತ್ತದ ಇಲ್ಲೋ ಅಂದ. ಕೇಳುತ್ತಿದೆ ಅಂದೆ, ನಾನು, ನನ್ನ ದನಿಯಲ್ಲಿ. ಆ ಕಡೆ ಫ್ಲೆಕ್ಸ್ ಯಂತ್ರದ ಸದ್ದು, ಫೋನ್ ಇಟ್ಟುಬಿಟ್ಟ.

ಮೂರು ತಿಂಗಳು ಕಟ್ಟಿ ಹಾಕಿದ್ರ — ಇದು ಲಕ್ಷ್ಮಣನ ಮಾತಲ್ಲ, ಇವನದು, ಇವನು ಹಿತ್ತಲಲ್ಲಿ ನಕ್ಕು ಹೇಳಿದ್ದು. ಎಬ್ಬಿಸಿ ಕೇಳಬೇಕು, ಏನಂತ, ಹಾಕಿದ್ದಿಯೇನು ಅಂತಲೇ, ಹಾಕಿದ್ದಾನೆ, ಯಾಕೆ ಅಂತಲೇ, ಅದೂ ಗೊತ್ತಾಯಿತು, ಕೇಳಲು ಏನೂ ಉಳಿದಿಲ್ಲ, ಫೈಲು ತೆಗೆದುಕೊಳ್ಳಬೇಕು, ಕಾರ್ಡು ತೆಗೆದುಕೊಳ್ಳಬೇಕು, ಮೊದಲು ಕೈ. ನನ್ನ ಮಣಿಕಟ್ಟಿನ ಮೇಲಿನ ಅವನ ಕೈ ಎತ್ತುತ್ತೇನೆ. ಮಲಗಿದ ಅತ್ತೆಯ ಕೈ ಎತ್ತಿ ಬಳೆ ಸರಿಸಿದ್ದೇನೆ, ನೆಂಟರ ಮಲಗಿದ ಮಕ್ಕಳ ಕೈ ಎತ್ತಿ ಮದರಂಗಿ ಹಚ್ಚಿದ್ದೇನೆ, ನಿದ್ದೆಯವರ ಕೈಗೆ ಹಸಿ ಮಣ್ಣಿನ ಭಾರ ಇರುತ್ತದೆ. ಇದಕ್ಕೆ ಭಾರವಿಲ್ಲ. ಎತ್ತಿದಷ್ಟೂ ಏಳುತ್ತದೆ, ನಾನು ಎತ್ತುವುದಕ್ಕಿಂತ ಸ್ವಲ್ಪ ಮುಂಚೆಯೇ. ಕಣ್ಣು ಮುಚ್ಚಿದೆ, ಉಸಿರು ಉದ್ದವಾಗಿದೆ, ಬಾಯಿ ಅಷ್ಟೇ ತೆರೆದಿದೆ. ಫೋನ್ ನಡುಗಿದಾಗ, ಕೇಳುತ್ತಿದೆ ಅಂತ ನಾನು ಅಂದಾಗ, ಆಗಲೂ ಎಚ್ಚರವಿದ್ದನೇ — ಬೆರಳು ಬಿಡಿಸಿಕೊಂಡು ನನ್ನ ಕೈ ಹಿಂದಕ್ಕೆ ತೆಗೆಯುತ್ತೇನೆ. ನಿದ್ದೆಯ ಕೈಯಾದರೆ ಬೀಳಬೇಕು. ಫೈಲಿನ ಮೇಲೆ, ಒಂದು ಗೇಣು ಮೇಲೆ, ನಾನು ಬಿಟ್ಟ ಜಾಗದಲ್ಲೇ ಅವನ ಕೈ ನಿಂತಿದೆ, ಹೆಬ್ಬೆರಳು ಸ್ವಲ್ಪ ಮುಂದೆ ಚಾಚಿದೆ, ಬಸ್ಸು ತಗ್ಗಿಗೆ ಇಳಿದು ಏಳುತ್ತದೆ, ಬಿಟ್ಟಿದ್ದೇನೆ, ಕೈ ಬಿದ್ದಿಲ್ಲ, ಬಿಟ್ಟಿದ್ದೇನೆ, ಕೈ ಅಲ್ಲೇ ಇದೆ.