ಗಾಡಿ ಯಾರ ಹೆಸರಿಗೆ

ಮನೆಗೆ ಬಂದದ್ದನ್ನೆಲ್ಲ ಮಗಳ ಹೆಸರಿಗೆ ಮಾಡಿಸುವುದು ಪ್ಲಂಬರನ ಹಳೆಯ ಚಾಳಿ. ಗ್ಯಾಸು ಅವಳ ಹೆಸರಿಗೆ, ಕರೆಂಟು ಮೀಟರು ಅವಳ ಹೆಸರಿಗೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಅದೊಂದೇ ಜೀವ. ಅವಳು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಕತ್ತಲಲ್ಲಿ ಒಬ್ಬಳೇ ಬಸ್ಸಿಗೆ ಕಾಯುತ್ತಾಳಲ್ಲ ಎಂದು ಅವನಿಗೆ ದಿನಾ ಸಂಕಟ. ಹಳೆಯದಾದರೂ ಸರಿ, ಒಂದು ಕಾರು ಬೇಕೇಬೇಕಿತ್ತು.

ಮಾರುವವರು ನಿವೃತ್ತ ಮೇಷ್ಟ್ರು. ನೋಂದಣಿ ಪತ್ರ, ವಿಮೆ, ಬ್ಯಾಂಕಿನ ಸಾಲ ತೀರಿದ ಪತ್ರ, ಎಲ್ಲವನ್ನೂ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಿದ್ದರು. ಪ್ಲಂಬರ್ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಎಂಜಿನ್ ನಂಬರನ್ನು ಕಾಗದದೊಂದಿಗೆ ಹೋಲಿಸಿ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಒಳ್ಳೆಯ ಗಾಡಿಯನ್ನು ಇಷ್ಟು ಅಗ್ಗಕ್ಕೆ ಕೊಟ್ಟರೆ ಯಾರಿಗಾದರೂ ಅನುಮಾನ ಬರಬೇಕು. ಈ ಮಹಾಶಯನಿಗೆ ಖುಷಿ ಬಂತು.

“ಸೈನ್ ಹಾಕ್ಕೊಟ್ಬಿಡಿ ಸಾರ್. ಹೆಸರು ಬದಲಾವಣೆ ನಾನು ನಿಧಾನಕ್ಕೆ ಮಾಡಿಸ್ಕೋತೀನಿ.”

“ಬೇಡಪ್ಪ, ಇವತ್ತೇ ಇಬ್ರೂ ಆರ್‌ಟಿಓ ಆಫೀಸಿಗೆ ಹೋಗೋಣ. ಹಿಂದೆ ಒಬ್ಬ ಹೀಗೇ ಅಂದು, ವರ್ಷಗಟ್ಟಲೆ ನನ್ನ ಹೆಸರಲ್ಲೇ ಓಡಿಸ್ಕೊಂಡು, ಕೊನೆಗೆ ವಾಪಸ್ ತಂದ್ಬಿಟ್ಟ.” ಮೇಷ್ಟ್ರು ಫಾರ್ಮು ಮುಂದೆ ತಳ್ಳಿದರು. “ಯಾರ ಹೆಸರಿಗೆ?”

“ಮಗಳ ಹೆಸರಿಗೆ.”

ಮೇಷ್ಟ್ರ ಮುಖ ಬಿಳಿಚಿಕೊಂಡಿತು. “ನಿಮ್ಮ ಹೆಸರಿಗೇ ಮಾಡಿಸ್ಕೊಳ್ಳಿ.”

“ಯಾಕೆ ಸಾರ್?”

ಅವರು ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕೈಮುಗಿಯುವಂತೆ ನೋಡಿದಳು. “ಏನಿಲ್ಲ, ಸುಮ್ನೆ ಹೇಳ್ದೆ,” ಎಂದರು ಮೇಷ್ಟ್ರು.

ಮುದುಕರಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ ಎಂದುಕೊಂಡು ಪ್ಲಂಬರ್ ಮಗಳ ಹೆಸರನ್ನು ದುಂಡಗೆ ಬರೆದ. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಅವಳ ಸಹಿಯನ್ನೂ ಹಾಕಿಸಿಕೊಂಡ. ಆಫೀಸಿನಲ್ಲಿ ಜನ ಜಾತ್ರೆ, ಗಲಾಟೆಯೋ ಗಲಾಟೆ. ಗುಮಾಸ್ತ ಮೊಹರು ಒತ್ತಿದ ಕೂಡಲೇ ಮೇಷ್ಟ್ರು ಕುಸಿದು ಬೆಂಚಿನ ಮೇಲೆ ಕೂತರು. ಕಣ್ಣಲ್ಲಿ ನೀರು. “ಅಬ್ಬಾ, ಎಷ್ಟು ನಿಶ್ಶಬ್ದ!” ಎಂದರು.

ವಾರ ತುಂಬುವುದರೊಳಗೆ ಮಗಳು ಬಾಡಿಹೋದಳು. ಅಪ್ಪ ಕೇಳಿ ಕೇಳಿ ಸಾಕಾದ ಮೇಲೆ ಬಾಯಿಬಿಟ್ಟಳು.

“ಬೆನ್ನ ಹಿಂದೆ ಯಾರೋ ಅಜ್ಜಿ ಮಾತಾಡ್ತಾಳೆ ಅಪ್ಪಾ. ‘ಇನ್ನೂ ಎಷ್ಟು ದೂರ?’ ಅಂತ. ಅದೊಂದೇ ಮಾತು. ಮೊದಲು ಕಾರಲ್ಲಿ ಕೇಳಿಸ್ತು, ಈಗ ವಾರ್ಡಲ್ಲೂ, ಸ್ನಾನದ ಮನೇಲೂ. ಇವತ್ತು ಅವಳ ಕಡೆ ತಿರುಗಿ ನೋಡೋ ಭರದಲ್ಲಿ ಒಬ್ಬ ರೋಗಿಗೆ ಬೇರೆಯವರ ಇಂಜೆಕ್ಷನ್ ಕೊಟ್ಬಿಡ್ತಿದ್ದೆ. ನನಗೆ ಹುಚ್ಚು ಹಿಡೀತಿದೆ ಅಪ್ಪಾ.”

ಬೆಳಗಾಗುತ್ತಲೇ ಪ್ಲಂಬರ್ ಮೇಷ್ಟ್ರ ಮನೆಗೆ ಹೋಗಿ ಅವರ ಕೊರಳಪಟ್ಟಿ ಹಿಡಿದ.

ಮೇಷ್ಟ್ರು ಬಿಡಿಸಿಕೊಳ್ಳಲಿಲ್ಲ. “ಅವಳು ಗಾಡಿ ಜೊತೆ ಇರಲ್ಲಪ್ಪ, ಹೆಸರಿನ ಜೊತೆ ಇರ್ತಾಳೆ. ಹಿಂದೆ ಕೊಂಡು ವಾಪಸ್ ತಂದ್ನಲ್ಲ, ಆ ಮನುಷ್ಯ ಗಾಡಿ ಇಟ್ಕೊಂಡಿದ್ದಷ್ಟು ದಿನವೂ ಅವಳು ನನ್ನ ಮಂಚದ ಹತ್ರಾನೇ ಇದ್ಲು. ಇವಳು, ನನ್ನ ಹೆಂಡತಿ, ಪಕ್ಕದಲ್ಲೇ ಮಲಗಿದ್ರೂ ಇವಳಿಗೆ ಏನೂ ಕೇಳಿಸ್ತಿರಲಿಲ್ಲ. ಎಲ್ಲಿಗೆ ಹೋಗ್ಬೇಕಮ್ಮ ಅಂತ ಕೇಳಿದ್ರೆ ಹೇಳೋದಿಲ್ಲ.”

“ಗುಜರಿಗೆ ಹಾಕ್ತೀನಿ!”

“ಹಾಕಿ. ಕೊನೇ ಹೆಸರು ನಿಮ್ಮ ಮಗಳದ್ದೇ ಉಳಿಯುತ್ತೆ.”

ಪ್ಲಂಬರನ ಕೈ ತಾನಾಗಿಯೇ ಸಡಿಲವಾಯಿತು. ಎಂಥ ಮಾತನ್ನು ಎಷ್ಟು ತಣ್ಣಗೆ ಹೇಳಿಬಿಟ್ಟ ಪುಣ್ಯಾತ್ಮ! ಆದರೆ ತಾನು ಮುಂದೆ ಏನು ಮಾಡಬೇಕೆಂಬುದು ಪ್ಲಂಬರನಿಗೆ ಆಗಲೇ ತಿಳಿದಿತ್ತು. ಬೇರೆ ಯಾರಿಗಾದರೂ ದಾಟಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವರ ಮನೆಯಲ್ಲೂ ಒಬ್ಬಳು ಮಗಳಿರುತ್ತಾಳೆ.

ಅದೇ ಮಧ್ಯಾಹ್ನ ತನ್ನ ಮಗಳನ್ನು ಆಫೀಸಿಗೆ ಕರೆದೊಯ್ದು ಹೊಸ ಫಾರ್ಮು ಮುಂದಿಟ್ಟ. ಅವಳು ಓದಿ ಮುಖ ಸಣ್ಣ ಮಾಡಿಕೊಂಡಳು.

“ನನ್ನಿಂದ ಗಾಡಿ ವಾಪಸ್ ತಗೊಳ್ತಿದ್ದೀಯಾ? ತಲೆ ಕೆಟ್ಟವಳ ಕೈಗೆ ಯಾಕೆ ಅಂತಾನಾ?”

“ವಿಮೆಯವರದ್ದೇನೋ ತಕರಾರು, ಮಗಳೇ. ಸಹಿ ಹಾಕು.”

ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳು. ಅವಳು ನಂಬಲಿಲ್ಲ, ಆದರೂ ತುಟಿ ಕಚ್ಚಿ ಸಹಿ ಹಾಕಿದಳು. ಗುಮಾಸ್ತ ಹಲ್ಲು ಕಿರಿದ. “ಏನ್ರೀ ಯಜಮಾನ್ರೇ, ಕೊಟ್ಟ ಉಡುಗೊರೆ ಕಿತ್ಕೊಳ್ಳೋದಾ?” ಎನ್ನುತ್ತ ಮೊಹರು ಒತ್ತಿದ.

ಅವಳು ತಟ್ಟನೆ ತಲೆ ಎತ್ತಿದಳು. ಸುತ್ತ ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಭುಜ ಇಳಿದು ಉಸಿರು ಸರಾಗವಾಯಿತು. “ಅಪ್ಪಾ, ನಿಂತ್ಹೋಯ್ತು!”

ಪ್ಲಂಬರನ ಕಿವಿಯ ಹಿಂದೆ, ಕುತ್ತಿಗೆಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ, ದಣಿದ ದನಿಯೊಂದು ಕೇಳಿತು. ಮಗಳು ನಗುತ್ತಿದ್ದಳು, ಹಾಗಾಗಿ ಅವನೂ ನಕ್ಕ.

ಹೊರಗೆ ಬಂದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. “ಹೆಸರು ಯಾರದ್ದಾದ್ರೇನು, ಗಾಡಿ ನಿನ್ನದೇ. ನೀನೇ ಓಡಿಸು.”

“ನೀನು ಮುಂದೆ ಬಾ ಅಪ್ಪಾ.”

“ಬೇಡ. ನಾನು ಹಿಂದೆ ಕೂರ್ತೀನಿ.”

ಅವನು ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿನ ಕಡೆ ಬಗ್ಗಿ, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ, “ಸ್ವಲ್ಪ ಆ ಕಡೆ ಸರ್ಕೊಳ್ಳಿ ಅಮ್ಮ,” ಎಂದು ಹೇಳಿ ಒಳಗೆ ಕೂತ.