ಜೊತೆ ಸಾಲಗಾರ

ಟೈಲ್ಸ್ ಅಂಗಡಿಯಲ್ಲಿ ಅವನನ್ನು ಎಲ್ಲರೂ ಡೈಲಾಗು ಎಂದೇ ಕರೆಯುತ್ತಿದ್ದರು. ಸಿನಿಮಾ ವಿಲನ್ನಿನ ನಗುವಿನಿಂದ ಹಿಡಿದು ಮಾಲೀಕರ ಕೆಮ್ಮಿನವರೆಗೆ ಎಲ್ಲವೂ ಅವನ ಗಂಟಲಲ್ಲಿತ್ತು. ಅದಕ್ಕೇ ಮನೆ ಸಾಲದ ಅರ್ಜಿಯಲ್ಲಿ ‘ನಿಮ್ಮನ್ನು ಬಲ್ಲವರು’ ಎಂದಿದ್ದ ಕಡೆ, ಇಲ್ಲದ ದೊಡ್ಡಪ್ಪನೊಬ್ಬನನ್ನು ಹುಟ್ಟಿಸಿ ತನ್ನದೇ ಎರಡನೇ ಸಿಮ್ಮಿನ ನಂಬರು ಗೀಚಿದ್ದ. ಬ್ಯಾಂಕಿನಿಂದ ಫೋನು ಬಂದಾಗ ದನಿಯನ್ನು ಗೊಗ್ಗರು ಮಾಡಿ ಹೇಳಿದ್ದ: “ಹುಡುಗ ಬಂಗಾರ. ಅವನ ಬೆನ್ನ ಹಿಂದೆ ನಾನಿದೀನಿ.”

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಇವತ್ತು ಇಬ್ಬರೂ ಸಾಲದ ಮೇಡಂ ಎದುರು ಕೂತಿದ್ದರು. ಸಂಜೆ ಐದರೊಳಗೆ ಸಾಲ ಮಂಜೂರಾಗದಿದ್ದರೆ ಮನೆ ಬೇರೆಯವರ ಪಾಲು. ಹೆಂಡತಿ ಐದು ವರ್ಷ ಹೊಲಿಗೆ ಮಿಷನ್ನು ತುಳಿದು ಕೂಡಿಸಿದ ಮುಂಗಡಕ್ಕೂ ಎಳ್ಳುನೀರು.

“ಬೆಲೆಯ ನೂರಕ್ಕೆ ಇಪ್ಪತ್ತು ನಿಮ್ದು, ಎಂಬತ್ತು ನಮ್ದು,” ಎಂದರು ಮೇಡಂ. “ಇಪ್ಪತ್ತು ವರ್ಷ, ತಿಂಗಳಿಗೊಂದು ಕಂತು. ಮೊದಮೊದಲು ಬಡ್ಡಿಗೇ ಜಾಸ್ತಿ ಹೋಗುತ್ತೆ, ಅಸಲು ನಿಧಾನಕ್ಕೆ ಕರಗುತ್ತೆ. ತೀರೋವರೆಗೂ ಮನೆ ಪತ್ರ ನಮ್ಮಲ್ಲಿ ಅಡಮಾನ.”

“ಮದುವೆ ಆಗಿದೆ, ಆದ್ರೆ ಹುಡುಗಿ ತವರಲ್ಲೇ ಇರ್ತಾಳೆ ಅನ್ನಿ,” ಎಂದ ಡೈಲಾಗು.

“ರೀ, ಸುಮ್ನಿರಿ,” ಹೆಂಡತಿ ತೊಡೆ ಚಿವುಟಿದಳು.

ಮೇಡಂ ನಗಲಿಲ್ಲ. “ನಿಮ್ಮೊಬ್ಬರ ಸಂಬಳ ಸಾಲ್ತಿರ್ಲಿಲ್ಲ. ಜೊತೆ ಸಾಲಗಾರರು ಬೇಕಿತ್ತು. ಪುಣ್ಯಕ್ಕೆ ಬೆಳಿಗ್ಗೆ ನಿಮ್ಮ ದೊಡ್ಡಪ್ಪ ಬಂದು ಸಹಿ ಹಾಕಿದ್ರು.”

ಡೈಲಾಗು ಕಾಗದವನ್ನು ತನ್ನತ್ತ ಎಳೆದುಕೊಂಡ. ಅವನಪ್ಪ ಅಜ್ಜನಿಗೆ ಒಬ್ಬನೇ ಮಗ. ಆ ಸಿಮ್ಮನ್ನು ಅವತ್ತೇ ಕಿತ್ತು ಡ್ರಾಯರಿಗೆ ಎಸೆದಿದ್ದ.

ಕಾಗದದ ಮೇಲೆ ಅಂಟಿಸಿದ ಫೋಟೋದಲ್ಲಿ ನರೆತ ತಲೆಯ ಒಬ್ಬ ಮುದುಕನಿದ್ದ. ಮೂಗು ಮಾತ್ರ ಥೇಟ್ ಡೈಲಾಗಿನದೇ. ಅಂಟು ಇನ್ನೂ ಹಸಿಯಾಗಿತ್ತು.

“ಪತ್ರದಲ್ಲಿ ಅವರ ಹೆಸರೂ ಸೇರುತ್ತೆ, ಮನೇಲಿ ಅವರಿಗೂ ಹಕ್ಕಿರುತ್ತೆ. ಹಿಂದಿನ ರೂಮು ಸಾಕಂತೆ,” ಎಂದು ಮೇಡಂ ಪೆನ್ನು ಮುಂದೆ ತಳ್ಳಿದರು.

ಹೆಂಡತಿಯ ಮುಖ ಬಿಳಿಚಿತ್ತು. “ಯಾರನ್ನ ಕಳಿಸಿದ್ರಿ?” ಎಂದು ಪಿಸುಗುಟ್ಟಿದಳು.

ನಿಜ ಹೇಳಿದರೆ ಮನೆಯಿಲ್ಲ. ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಅವಳ ಬೆರಳ ತುದಿಯ ಸೂಜಿ ಗುರುತುಗಳನ್ನು ನೋಡಿದ. “ಸ್ನೇಹಿತನ್ನ. ತಮಾಷೆಗೆ,” ಎಂದು ಸುಳ್ಳು ಹೇಳಿ ಸಹಿ ಹಾಕಿದ.

ಹೊಸ ಮನೆಯಲ್ಲಿ ಒಂದು ತಿಂಗಳು ಏನೂ ಆಗಲಿಲ್ಲ. ಮೊದಲ ಕಂತು ಕಟ್ಟಿದ ದಿನ, ಮಟಮಟ ಮಧ್ಯಾಹ್ನ, ಅವನು ಹೊರಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ, ಸಾಕು ಮಾಡಿ. ಆಗಿಂದ ಹಿಂದಿನ ರೂಮಲ್ಲಿ ಕೂತು ಅದೇ ದನಿ. ಕೇಳೋಕಾಗಲ್ಲ.”

ಅವನು ಉತ್ತರಿಸಲು ಬಾಯಿ ತೆರೆದ. ಗಂಟಲಲ್ಲಿ ಯಾರ ದನಿಯೂ ಇರಲಿಲ್ಲ, ತನ್ನದೂ.

ಹಿಂದಿನ ರೂಮಿನಿಂದ ಗೊಗ್ಗರು ದನಿ ಅಕ್ಕರೆಯಿಂದ ಹೇಳಿತು: “ಇನ್ನೂ ಇನ್ನೂರ ಮೂವತ್ತೊಂಬತ್ತು ಕಂತಿದೆ, ಮಗಾ. ಅಲ್ಲೀವರೆಗೂ ನಾನಿದೀನಿ.”