ಒಂದೇ ಮೊಂಬತ್ತಿಯ ಎರಡು ಮನೆ

ಸ್ತಾಮೆನಾ ಅವನನ್ನು "ಅಣ್ಣಾ" ಎಂದು ಕರೆಯುತ್ತಿದ್ದಳು. ಸಂತೆಯಲ್ಲಿ ಕೆಂಪು ಮೆಣಸಿನಕಾಯಿ ಆರಿಸುವಾಗ ಎದುರಾದರೂ ಅಣ್ಣ, ಔಷಧಿ ಅಂಗಡಿಯ ಸಾಲಿನಲ್ಲಿ ಸಿಕ್ಕರೂ ಅಣ್ಣ. ಕೇಳಿದವರಿಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಗ್ವೋಜ್ದೆನ್ ಪ್ಲಾಜಿನಿಚ್‌ಗೆ ಮಾತ್ರ ಪ್ರತಿಸಲವೂ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ಎಪ್ಪತ್ತು ಮುಟ್ಟಿದ ಮನುಷ್ಯ, ಅರಣ್ಯ ಇಲಾಖೆಯಿಂದ ನಿವೃತ್ತ, ಹೆಂಡತಿಯನ್ನು ಕಳೆದುಕೊಂಡು ಕೆಲವು ವರ್ಷಗಳಾಗಿದ್ದವು. ಅವನಿಗೆ ಈ ಜೀವನದಲ್ಲಿ ಇನ್ನು ಬೇಕಾಗಿದ್ದುದು ಒಂದೇ: ಸ್ತಾಮೆನಾ ಆ ಶಬ್ದವನ್ನು ಬಿಟ್ಟು ತನ್ನನ್ನು ಹೆಸರು ಹಿಡಿದು ಕರೆಯಬೇಕು.

ಒಂದು ಕಾಲದಲ್ಲಿ ಅವಳು ಹಾಗೆಯೇ ಕರೆಯುತ್ತಿದ್ದಳು. ಅವನು ಜಾವೋರ್ ಬೆಟ್ಟದ ಆಚೆ ಮಗ್ಗುಲಿನ ಹಳ್ಳಿಯವನು, ಅವಳು ಈಚೆ ಮಗ್ಗುಲಿನವಳು. ಇಬ್ಬರೂ ಕೆಲಸಕ್ಕೆಂದು ಮೊರಾವಿತ್ಸಾ ನದಿಯ ದಡದ ಈ ಪಟ್ಟಣಕ್ಕೆ ಬಂದವರು. ಶನಿವಾರದ ಕುಣಿತದಲ್ಲಿ ಪರಿಚಯವಾದಾಗ ಇಬ್ಬರ ಮನೆತನದ ಹೆಸರೂ ಪ್ಲಾಜಿನಿಚ್ ಎಂದು ತಿಳಿದು ನಕ್ಕಿದ್ದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದ ಸ್ತಾಮೆನಾ, "ನಿನ್ನನ್ನ ಮದುವೆ ಆದರೆ ನನ್ನ ಹೆಸರಿನ ಬೋರ್ಡ್ ಬದಲಾಯಿಸೋ ಖರ್ಚು ಸರ್ಕಾರಕ್ಕೆ ಉಳಿಯುತ್ತೆ" ಎಂದಿದ್ದಳು. ಆ ನಗು ಅವಳ ಅಪ್ಪನ ಊಟದ ಮೇಜಿನವರೆಗೆ ಮಾತ್ರ ಬಾಳಿತು.

"ನಿಮ್ಮ ಮನೆಯ ಸಂತ ಯಾರಪ್ಪ?" ಎಂದು ಅವಳಪ್ಪ ಕೇಳಿದ.

"ಸಂತ ಲೂಕ."

ಮುದುಕ ಕೈಯಲ್ಲಿದ್ದ ಪ್ಲಮ್ ಸಾರಾಯಿಯ ಲೋಟವನ್ನು ಕೆಳಗಿಟ್ಟ. ನಮ್ಮ ಕಡೆ ಪ್ರತಿ ಮನೆತನಕ್ಕೂ ಒಬ್ಬ ಸಂತ. ಅಪ್ಪನಿಂದ ಮಗನಿಗೆ ಇಳಿದು ಬರುವ ಮನೆದೇವರು ಅವನು. ಅವನ ದಿನ ಬಂದರೆ ಮೊಂಬತ್ತಿ ಹಚ್ಚಬೇಕು, ಗೋಧಿ ಬೇಯಿಸಬೇಕು, ರೊಟ್ಟಿ ಮುರಿಯಬೇಕು.

"ಹೆಸರೂ ಒಂದು, ಸಂತನೂ ಒಂದು. ಅಲ್ಲಿಗೆ ನೀನು ನನಗೆ ಮಗ ಆದೆ. ಮಗಳನ್ನ ಮಗನಿಗೆ ಕೊಡ್ತಾರೇನಯ್ಯ?" ಎಂದ ಅವಳಪ್ಪ. ಆಮೇಲೆ ಎದ್ದು ಗ್ವೋಜ್ದೆನ್‌ನ ಎರಡೂ ಕೆನ್ನೆಗೆ ಮುತ್ತಿಟ್ಟು, ನೆಂಟನಿಗೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಮಾಡಿ ಕಳಿಸಿಕೊಟ್ಟ. ಬೈದು ಅಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ಮನೆಗಳ ನಡುವೆ ಯಾವ ಕಾಲದ ಯಾವ ನಂಟು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಹೇಳಬೇಕೆಂದು ಯಾರೂ ಕೇಳಲೂ ಇಲ್ಲ. ಗ್ವೋಜ್ದೆನ್ ಮಿಲುಂಕಾ ಎಂಬವಳನ್ನು ಮದುವೆಯಾದ. ಒಳ್ಳೆಯ ಹೆಂಗಸು, ಸಂಸಾರವೂ ಚೆನ್ನಾಗಿಯೇ ನಡೆಯಿತು. ಸ್ತಾಮೆನಾ ಬಂದ ಗಂಡುಗಳನ್ನೆಲ್ಲ ಬಂದ ದಾರಿಯಲ್ಲೇ ಕಳಿಸಿದಳು. ಪಟ್ಟಣದಲ್ಲಿ ಅಪ್ಪ ಕಟ್ಟಿಸಿದ ಮನೆಯೂ ಅಪ್ಪನ ಮೊಂಬತ್ತಿಯೂ ಅವಳ ಪಾಲಿಗೆ ಉಳಿದವು. ಹೆಂಗಸು ಮೊಂಬತ್ತಿ ಹಚ್ಚುವುದೇ ಎಂದು ಮೂಗು ಮುರಿದವರು ಕೂಡ ಸಂತ ಲೂಕನ ದಿನ ಅವಳ ಕೈಯ ಎಲೆಕೋಸಿನ ಸುರುಳಿ ತಿನ್ನಲು ತಪ್ಪದೆ ಹಾಜರಾಗುತ್ತಿದ್ದರು. ಆ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ನೆನಪಿದ್ದವರು ತಾವಾಗಿ ಬರುತ್ತಾರೆ. ಮನೆಯವರು ಬಾಗಿಲು ಬಿಟ್ಟು ಕದಲುವಂತಿಲ್ಲ. ಅದೇ ದಿನ ತನ್ನ ಮನೆಯಲ್ಲೂ ಹಬ್ಬವಿರುತ್ತಿದ್ದ ಕಾರಣ, ಊರೆಲ್ಲ ಉಂಡ ಆ ಊಟವನ್ನು ಗ್ವೋಜ್ದೆನ್ ಒಮ್ಮೆಯೂ ಉಂಡಿರಲಿಲ್ಲ.

ಮಿಲುಂಕಾಳ ವರ್ಷಾಂತಿಕ ಮುಗಿದ ಮೇಲೆ, ನದಿಯ ದಡದ ಬೆಂಚಿನ ಮೇಲೆ, ಅವನು ಧೈರ್ಯ ಮಾಡಿ, ಮದುವೆಯಾಗುತ್ತೀಯಾ ಎಂದು ಕೇಳಿಯೇಬಿಟ್ಟ.

"ತಲೆ ನೆಟ್ಟಗಿದೆಯಾ ಅಣ್ಣಾ?" ಎಂದಳು ಸ್ತಾಮೆನಾ. "ಅಪ್ಪನ ಮೊಂಬತ್ತಿ ಮುಂದೆ ನಿಂತು ನಾನು ಅಂಥ ಕೆಲಸ ಮಾಡಲ್ಲ. ನಮ್ಮಿಬ್ಬರದೂ ಒಂದೇ ರಕ್ತ ಅಲ್ಲ ಅಂತ ತೋರಿಸು, ಆಮೇಲೆ ಮಾತಾಡು."

"ತೋರಿಸಿದರೆ?"

"ಮೊದಲು ತೋರಿಸು."

ಅಂದಿನಿಂದ ಅವನಿಗೆ ಈ ಹುಚ್ಚು ಹತ್ತಿತು. ಗ್ರಂಥಾಲಯದ ಮಹಡಿಯಲ್ಲಿ ಗುರುವಾರ ಗುರುವಾರ ಸೇರುವ ವಂಶ ಹುಡುಕುವವರ ಸಂಘಕ್ಕೆ ಸೇರಿಕೊಂಡ. ಅಲ್ಲಿ ಹೊಸಬರನ್ನು ಕೇಳುವ ಮೊದಲ ಪ್ರಶ್ನೆ ಹೆಸರಲ್ಲ, ಸಂತ. ಸಂಘದ ಮುಖ್ಯಸ್ಥೆ ಪೆರ್ಸಿದಾ, ಒಂದು ಕಾಲದಲ್ಲಿ ನ್ಯಾಯಾಧೀಶೆಯಾಗಿದ್ದವಳು. ಸಾಕ್ಷಿಗಳನ್ನು ಹೆದರಿಸುತ್ತಿದ್ದ ಅದೇ ಗಂಟಲಿನಲ್ಲಿ ಈಗ ಸದಸ್ಯರ ಮುತ್ತಜ್ಜಂದಿರನ್ನು ಹೆದರಿಸುತ್ತಿದ್ದಳು. ಇಲ್ಲಿನ ಪ್ರತಿ ಮನೆತನದ ಮೂಲಪುರುಷನೂ ಒಬ್ಬ ತುರ್ಕನನ್ನು ಕೊಂದು ಬೆಟ್ಟ ಹತ್ತಿ ಓಡಿಬಂದವನೇ. "ನೀವೆಲ್ಲ ಹೇಳೋದು ನಿಜ ಆಗಿದ್ದರೆ, ಆಮೇಲೆ ನಮ್ಮನ್ನ ಆಳೋಕೆ ತುರ್ಕರು ಎಲ್ಲಿ ಮಿಕ್ಕಿದ್ದರಪ್ಪ?" ಎಂದು ಪೆರ್ಸಿದಾ ಕೇಳುತ್ತಿದ್ದಳು. ಗ್ವೋಜ್ದೆನ್‌ನ ಮುತ್ತಜ್ಜ ಸ್ರೆತೆನ್ ಕೂಡ ತುರ್ಕನನ್ನು ಕೊಂದವನು. ಅವನನ್ನು ಬೇರಿನಲ್ಲಿಟ್ಟು ಬಿಡಿಸಿದ ದೊಡ್ಡ ಓಕ್ ಮರವೊಂದು ಗ್ವೋಜ್ದೆನ್‌ನ ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುತ್ತಿತ್ತು. ಬಂದವರಿಗೆಲ್ಲ ಅವನು ಅದನ್ನು ಕೊಂಬೆ ಕೊಂಬೆಯಾಗಿ ತೋರಿಸುತ್ತಿದ್ದ. ಬಂದವರು ಪಾಪ ಕಾಫಿ ಆರಿದರೂ ಕೇಳುತ್ತಿದ್ದರು.

ಹೆಸರೂ ಸಂತನೂ ಒಂದಾದರೆ ರಕ್ತವೂ ಒಂದು ಎಂಬುದು ಸಂಘದ ಮೂಲಸೂತ್ರ. ಅದನ್ನು ಅವರ ವಾರ್ಷಿಕ ಸಂಚಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದವನು ಬೇರೆ ಯಾರೂ ಅಲ್ಲ, ಗ್ವೋಜ್ದೆನ್ನೇ. ಸೂತ್ರ ತಪ್ಪುವ ಒಂದೇ ಜಾಗ ಅವನಿಗೆ ಗೊತ್ತಿತ್ತು. ಯುದ್ಧದಲ್ಲಿ ಗಂಡ ಸತ್ತು ವಿಧವೆ ಒಬ್ಬಳೇ ಉಳಿದ ಮನೆಗೆ ಎಲ್ಲಿಂದಲೋ ಒಬ್ಬ ಬಂದು ಅವಳನ್ನು ಕೂಡಿಕೊಳ್ಳುತ್ತಿದ್ದ. ಸತ್ತವನ ಹೊಲ ಉಳುತ್ತ, ಸತ್ತವನ ಹೆಸರು ಇಟ್ಟುಕೊಂಡು, ಸತ್ತವನ ಸಂತನಿಗೆ ಮೊಂಬತ್ತಿ ಹಚ್ಚುತ್ತಿದ್ದ. ಅಂಥವನನ್ನು ಜನ ಹೊಕ್ಕವನು ಎನ್ನುತ್ತಿದ್ದರು. ಮನೆ ಅಳಿಯನನ್ನಾದರೂ ಹೇಗೋ ಸಹಿಸಿಕೊಳ್ಳುತ್ತಾರೆ, ಹೊಕ್ಕವನ ಸುದ್ದಿಯನ್ನು ಮೊಮ್ಮಕ್ಕಳು ಕೂಡ ಬಾಯಿ ಬಿಡುವುದಿಲ್ಲ.

ಸ್ತಾಮೆನಾಳ ವಂಶದಲ್ಲಿ ಎಲ್ಲಾದರೂ ಒಬ್ಬ ಹೊಕ್ಕವನು ಸಿಕ್ಕಿದರೆ ಸಾಕಾಗಿತ್ತು. ಗ್ವೋಜ್ದೆನ್ ಚರ್ಚುಗಳ ಜನನ ಮರಣದ ಪುಸ್ತಕಗಳನ್ನು, ಪತ್ರಾಗಾರದ ಕಡತಗಳನ್ನು ಜಾಲಾಡಿದ. ಅವಳ ಅಪ್ಪ, ಅಜ್ಜ, ಮುತ್ತಜ್ಜ ರಾದೊಯೆ, ಅವನ ಹಿಂದಿನವರು, ಎಲ್ಲರೂ ಅಪ್ಪನಿಗೆ ಹುಟ್ಟಿದ ಮಕ್ಕಳೇ. ಒಬ್ಬನ ಮೇಲಾದರೂ ಸಂಶಯ ಪಡುವಂತಿರಲಿಲ್ಲ. ಜಗತ್ತಿನಲ್ಲಿ ಇನ್ನೊಬ್ಬರ ಕುಲಶುದ್ಧಿಯನ್ನು ಕಂಡು ಇಷ್ಟು ಹೊಟ್ಟೆ ಉರಿಸಿಕೊಂಡವನು ಇವನೊಬ್ಬನೇ ಇರಬೇಕು.

"ಅವಳ ಅಜ್ಜಂದಿರಿಗೆ ಗೋರಿಯಲ್ಲೂ ನೆಮ್ಮದಿ ಇಲ್ಲದ ಹಾಗೆ ಮಾಡಿದೆ," ಎಂದಳು ಪೆರ್ಸಿದಾ ಒಂದು ಗುರುವಾರ. "ನಿನ್ನವರನ್ನ ಯಾವತ್ತಾದರೂ ಹೀಗೆ ನೋಡಿದ್ಯಾ?"

"ನಮ್ಮವರು ಗೊತ್ತಿರೋರೇ ಅಕ್ಕಾ."

"ಎಲ್ಲರಿಗೂ ಅವರವರ ಮನೆಯವರು ಗೊತ್ತಿರೋರೇ. ಅದಕ್ಕೇ ನೋಡು ಈ ಸಂಘ ಬೇಕಾಗಿರೋದು."

ಅವನು ಅದನ್ನು ಎಂದಿನ ಚುಚ್ಚುಮಾತು ಎಂದುಕೊಂಡ. ಆ ವರ್ಷ ಸಂಘದವರು ಜಿಲ್ಲೆಯ ಹಳೆಯ ವಾರಪತ್ರಿಕೆಯ ಸಂಪುಟಗಳನ್ನು ಹಂಚಿಕೊಂಡು ಓದುತ್ತಿದ್ದರು. ತುರ್ಕರೊಡನೆ ನಡೆದ ಜಾವೋರ್ ಯುದ್ಧ ಮುಗಿದ ನಂತರದ ಎರಡು ದಶಕಗಳ ಸಂಪುಟಗಳನ್ನು ಗ್ವೋಜ್ದೆನ್ ಕೇಳಿ ಪಡೆದ. ವಿಧವೆಯರು ಹೆಚ್ಚಿದ್ದ ಕಾಲವಲ್ಲವೇ, ಅಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗದು ಎಂಬ ಲೆಕ್ಕ. ಹಂದಿ ಕಳೆದುಹೋದ ಸುದ್ದಿ, ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು, ಸಾಲಗಾರರ ಹರಾಜು. ತಿಂಗಳುಗಟ್ಟಲೆ ಓದಿ ಕಣ್ಣು ಕೆಂಪಾದವು. ವಸಂತದ ಒಂದು ಬೆಳಿಗ್ಗೆ, ನ್ಯಾಯಾಲಯದ ಪ್ರಕಟಣೆಗಳ ನಡುವೆ, ರಾದೊಯೆ ಪ್ಲಾಜಿನಿಚ್ ಎಂಬ ಹೆಸರು ಕಾಣಿಸಿತು. ಅದರ ಕೆಳಗಿನ ಸಾಲಿನಲ್ಲೇ ವಿಧವೆಯ ಮನೆ ಹೊಕ್ಕವನ ಮಾತಿತ್ತು.

"ಸಿಕ್ಕಿದ!" ಎಂದು ಅವನು ಎದ್ದು ನಿಂತ. ಓದುಕೋಣೆಯವರೆಲ್ಲ ತಿರುಗಿ ನೋಡಿದರು.

ಆಮೇಲೆ ಉಳಿದ ಸಾಲುಗಳನ್ನು ಓದಿ ಮೆಲ್ಲಗೆ ಕುಳಿತುಕೊಂಡ.

ರಾದೊಯೆ ಎಲ್ಲರಿಗೂ ತಿಳಿಯಪಡಿಸಿದ್ದೇನೆಂದರೆ: ಯುದ್ಧದಲ್ಲಿ ಮಡಿದ ತನ್ನ ಅಣ್ಣ ಮಿಲೋಯೆಗೆ ಮಕ್ಕಳಿಲ್ಲ. ಅಣ್ಣನ ವಿಧವೆಯನ್ನು ಕೂಡಿಕೊಂಡು ಆ ಮನೆ ಹೊಕ್ಕ ಒಬ್ರಾದ್ ಎಂಬವನಿಗಾಗಲಿ, ಅವನಿಗೆ ಆ ಹೆಂಗಸಿನಲ್ಲಿ ಹುಟ್ಟಿದ ಸ್ರೆತೆನ್‌ಗಾಗಲಿ ಪ್ಲಾಜಿನಿಚ್ ಮನೆತನದ ರಕ್ತದ ಹನಿಯೂ ಇಲ್ಲ. ಅವರು ನಮ್ಮ ಹೆಸರು ಹೇಳಿಕೊಂಡರೂ, ನಮ್ಮ ಮೊಂಬತ್ತಿ ಹಚ್ಚಿದರೂ, ನಮ್ಮ ಹೊಲದಲ್ಲಿ ಅವರಿಗೆ ಪಾಲಿಲ್ಲ. ನ್ಯಾಯಾಲಯ ರಾದೊಯೆಯ ಮಾತನ್ನು ಒಪ್ಪಿತ್ತು. ಸ್ರೆತೆನ್ ಬೆಟ್ಟದಾಚೆಗೆ ಹೊರಟುಹೋಗಿದ್ದಾನೆ ಎಂದೂ ಕೊನೆಯಲ್ಲಿ ಬರೆದಿತ್ತು. ತುರ್ಕನ ಸುದ್ದಿ ಎಲ್ಲೂ ಇರಲಿಲ್ಲ.

ಪೆರ್ಸಿದಾ ಅದನ್ನು ಓದಿದಳು. ಚರ್ಚಿನ ಪುಸ್ತಕ ತರಿಸಿ, ಸ್ರೆತೆನ್‌ನ ಜನನದ ಸಾಲಿನಲ್ಲಿ ಅಪ್ಪನ ಹೆಸರು ನೋಡಿದಳು. ಒಬ್ರಾದ್. ಗ್ವೋಜ್ದೆನ್ ತನ್ನ ಮರವನ್ನು ಸ್ರೆತೆನ್‌ನಿಂದಲೇ ಶುರುಮಾಡಿದ್ದ. ಮಗ ಪ್ಲಾಜಿನಿಚ್ ಆದಮೇಲೆ ಅಪ್ಪ ಇನ್ಯಾರಾಗಿರಲು ಸಾಧ್ಯ ಎಂದುಕೊಂಡು ಆ ಸಾಲನ್ನು ಹುಡುಕಿಯೇ ನೋಡಿರಲಿಲ್ಲ.

"ಅಯ್ಯೋ ಪೆದ್ದಾ, ಬೇಕಾದ್ದು ಕೈಗೆ ಸಿಕ್ಕಿದೆ. ಅಳುಮೋರೆ ಯಾಕೆ?" ಎಂದಳು ಪೆರ್ಸಿದಾ.

"ಅವಳ ಮನೇಲಿ ಸಿಗಬೇಕಿತ್ತು ಅಕ್ಕಾ."

ಪೆರ್ಸಿದಾ ಕನ್ನಡಕ ತೆಗೆದು ಅವನನ್ನು ನೋಡಿದಳು. "ನಾನು ಇದನ್ನ ಸಂಚಿಕೆಗೆ ಹಾಕಲ್ಲ. ನೀನು ಹಾಕು ಅಂದರೆ ಹಾಕ್ತೀನಿ. ಅಲ್ಲಿವರೆಗೆ ನನ್ನ ಬಾಯಿಗೆ ಬೀಗ."

ಮನೆಗೆ ಹೋಗಿ ಓಕ್ ಮರದ ಮುಂದೆ ಕುಳಿತ. ಪ್ರಕಟಣೆಯನ್ನು ತೋರಿಸಿದರೆ ಸ್ತಾಮೆನಾ ಸಿಗಬಹುದು. ಆದರೆ ಹೆಸರು, ಸಂತ, ಮರ, ತುರ್ಕ, ಎಲ್ಲವೂ ಹೋಗುತ್ತವೆ. ತಾನು ಎಲ್ಲಿಂದಲೋ ಬಂದು ವಿಧವೆಯ ಮನೆ ಹೊಕ್ಕವನ ಸಂತಾನ ಎಂದಾಗುತ್ತದೆ. ತೋರಿಸದಿದ್ದರೆ ಎಲ್ಲವೂ ಉಳಿಯುತ್ತವೆ, ಅಣ್ಣ ಎಂಬ ಶಬ್ದವೂ ಉಳಿಯುತ್ತದೆ. ಪ್ರೀತಿಸಿದವನು ಅರೆಗಳಿಗೆಯೂ ಯೋಚಿಸುತ್ತಿರಲಿಲ್ಲ ಎಂದು ನೀವು ಹೇಳಬಹುದು. ಗ್ವೋಜ್ದೆನ್ ಬೇಸಿಗೆಯಿಡೀ ಯೋಚಿಸಿದ. ಸಂತೆಯಲ್ಲಿ ಸ್ತಾಮೆನಾ ಎದುರಾಗುವ ಹೊತ್ತಿಗೆ ಮೀನಿನ ಅಂಗಡಿಯ ಹಿಂದೆ ಅಡಗಿಕೊಂಡದ್ದೂ ಉಂಟು. ಒಬ್ರಾದ್‌ನ ಸ್ವಂತ ಸಂತನಾದರೂ ಯಾರೆಂದು ತಿಳಿದರೆ ಅವನನ್ನು ಹಿಡಿದುಕೊಳ್ಳೋಣವೆಂದು ಮತ್ತೆ ಹುಡುಕಿದ. ಆ ಮನುಷ್ಯ ಎಲ್ಲಿಂದ ಬಂದನೆಂದು ಯಾರೂ ಎಲ್ಲೂ ಬರೆದಿರಲಿಲ್ಲ.

ಸಂತ ಲೂಕನ ದಿನ ಹತ್ತಿರವಾಯಿತು. ಗೋಧಿ ಕೊಳ್ಳಲು ಅಂಗಡಿಗೆ ಹೋದವನು ಚೀಲ ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ಯಾರ ಹಬ್ಬಕ್ಕೆ ಯಾರು ಗೋಧಿ ಬೇಯಿಸುವುದು? ಇಷ್ಟು ವರ್ಷ ಗೊತ್ತಿಲ್ಲದೆ ಹಚ್ಚಿದ್ದು ಬೇರೆ, ಈಗ ಗೊತ್ತಿದ್ದೂ ಹಚ್ಚುವುದು ಬೇರೆ. ಚೀಲವನ್ನು ಅಲ್ಲೇ ಇಟ್ಟು, ಮನೆಗೆ ಬಂದು ಮಗಳಿಗೆ ಫೋನ್ ಮಾಡಿದ.

"ಈ ವರ್ಷ ಹಬ್ಬಕ್ಕೆ ಬರಬೇಡಮ್ಮ. ನಾನು ಮನೇಲಿ ಇರಲ್ಲ."

"ಲೂಕನ ದಿನ ಮನೇಲಿರಲ್ವಾ? ಅಪ್ಪಾ, ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀನಿ. ಊಟಕ್ಕೆ ಹೋಗ್ತಿದೀನಿ," ಎಂದ.

ಹಬ್ಬದ ಮಧ್ಯಾಹ್ನ ಅವನು ಮನೆಗೆ ಬೀಗ ಹಾಕಿ, ಒಂದು ಶೀಷೆ ಕೆಂಪು ವೈನ್ ಹಿಡಿದು ಹೊರಟ. ಎದುರುಮನೆಯ ಹೆಂಗಸು ಬೀಗ ನೋಡಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಸ್ತಾಮೆನಾಳ ಮನೆಯಲ್ಲಿ ಜನ ತುಂಬಿದ್ದರು, ಹುರಿದ ಮಾಂಸದ ವಾಸನೆ ಬೀದಿಗೆ ಬರುತ್ತಿತ್ತು. ಬಾಗಿಲು ತೆರೆದವಳು ಅವಳೇ.

"ಅಣ್ಣಾ? ಇವತ್ತು? ಮನೇಲಿ ಯಾರಾದರೂ ಹೋಗಿಬಿಟ್ಟರಾ?"

"ಯಾರೂ ಹೋಗಿಲ್ಲ. ಊಟಕ್ಕೆ ಬಂದಿದೀನಿ."

ಒಳಗೆ ಬಂದು, ಅತಿಥಿಗಳೆಲ್ಲ ಮಾಡುವಂತೆ, ಬಾಗಿಲ ಬಳಿಯ ಗೋಧಿಯ ತಟ್ಟೆಯ ಮುಂದೆ ನಿಂತು ಶಿಲುಬೆ ಎಳೆದುಕೊಂಡ. ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡ. "ಹಬ್ಬ ನಿಮಗೆ ಒಳ್ಳೇದು ಮಾಡಲಿ, ಮನೆಯೊಡತಿ," ಎಂದ. ಇದು ಹೊರಗಿನವರು ಮಾತ್ರ ಹೇಳುವ ಮಾತು. ಮೇಜಿನ ಸುತ್ತ ಕುಳಿತವರು ಚಮಚ ಕೆಳಗಿಟ್ಟು ಇತ್ತ ತಿರುಗಿದರು, ಅವನ ಮನೆಯ ಸಂತ ಯಾರೆಂದು ಅವರಿಗೆಲ್ಲ ಗೊತ್ತಿತ್ತು.

ಸ್ತಾಮೆನಾ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. "ನಿನ್ನ ಮೊಂಬತ್ತಿ ಯಾರು ಹಚ್ಚಿದರು?"

"ಯಾರೂ ಹಚ್ಚಿಲ್ಲ. ಅದು ನಮ್ಮದಲ್ಲ ಸ್ತಾಮೆನಾ, ನಿಮ್ಮದು." ಜೇಬಿನಿಂದ ಪ್ರಕಟಣೆಯ ಪ್ರತಿ ತೆಗೆದು ಕೊಟ್ಟ. "ಸ್ರೆತೆನ್ ನಮ್ಮ ಮುತ್ತಜ್ಜ."

ಅವಳು ಒಲೆಯ ಪಕ್ಕ ನಿಂತೇ ಓದಿದಳು. ಮತ್ತೊಮ್ಮೆ ಓದಿದಳು. "ರಾದೊಯೆ ನಮ್ಮ ಮುತ್ತಜ್ಜ," ಎಂದಳು. "ನಮ್ಮ ರಕ್ತ ಅಲ್ಲ ಅಂತ ಪೇಪರಲ್ಲಿ ಹಾಕಿಸಿ ನಿಮ್ಮವರನ್ನ ಓಡಿಸಿದ್ದು ನಮ್ಮನೆಯವರೇ. ನಮ್ಮದೇ ರಕ್ತ ಅಂತ ನಿನ್ನನ್ನ ವಾಪಸ್ ಕಳಿಸಿದ್ದೂ ನಮ್ಮನೆಯವರೇ."

ಅವಳು ಸ್ಟೂಲಿನ ಮೇಲೆ ಕುಳಿತು ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿದ್ದ ಅಳು ಅದು. ಅರ್ಧ ಆಯುಷ್ಯ ಒಂದು ಮೊಂಬತ್ತಿಗೆ ಕರಗಿಹೋಗಿತ್ತು. ಅದನ್ನು ವಾಪಸು ಕೊಡುವವರು ಯಾರೂ ಇರಲಿಲ್ಲ. ಗ್ವೋಜ್ದೆನ್‌ಗೂ ಅಳು ಬಂತು, ಅವನು ಅದನ್ನು ಮರೆಮಾಡಲು ಹೋಗಲಿಲ್ಲ.

"ಯಾವಾಗ ಸಿಕ್ತು ಇದು?" ಎಂದು ಅವಳು ಮೂಗು ಒರೆಸಿಕೊಂಡಳು.

"ವಸಂತದಲ್ಲಿ."

"ವಸಂತದಲ್ಲಿ! ಹಾಳಾದವನೇ, ಇಡೀ ಬೇಸಿಗೆ ಏನು ಮಾಡ್ತಿದ್ದೆ?"

"ನಾಚಿಕೆಪಟ್ಟುಕೊಂಡು ಕೂತಿದ್ದೆ," ಎಂದ ಗ್ವೋಜ್ದೆನ್. "ಈಗ ನನಗೆ ಸಂತನೂ ಇಲ್ಲ ಸ್ತಾಮೆನಾ. ಒಬ್ರಾದ್ ಯಾರವನೋ ಏನೋ. ನಿನ್ನನ್ನ ಕರ್ಕೊಂಡು ಹೋಗಿ ಯಾವ ಮೊಂಬತ್ತಿ ಮುಂದೆ ನಿಲ್ಲಿಸಲಿ?"

"ನಾನೆಲ್ಲಿಗೂ ಬರಲ್ಲ. ಮೊಂಬತ್ತಿ ಇಲ್ಲಿದೆ. ಬೇಕಿದ್ದರೆ ನೀನು ಬಾ."

"ಹೊಕ್ಕವನು ಅಂತಾರೆ."

"ಅನ್ನಲಿ ಬಿಡು," ಎಂದಳು ಸ್ತಾಮೆನಾ ಎದ್ದು ನಿಂತು. "ನಿಮ್ಮ ಮನೆತನದ ಪದ್ಧತಿ ತಾನೇ."

ಹೊರಗಿನಿಂದ ಯಾರೋ ರೊಟ್ಟಿ ಮುರಿಯುವ ಹೊತ್ತಾಯಿತೆಂದು ಕೂಗಿದರು. ಹಬ್ಬದ ರೊಟ್ಟಿಯನ್ನು ಮನೆಯವರೊಬ್ಬರು, ಎದುರಿನಿಂದ ಇನ್ನೊಬ್ಬರು ಹಿಡಿದು, ಜೊತೆಯಾಗಿ ತಿರುಗಿಸಿ ಮುರಿಯಬೇಕು. ಅಪ್ಪ ಹೋದಂದಿನಿಂದ ಸ್ತಾಮೆನಾಳ ಎದುರಿಗೆ ನಿಲ್ಲುತ್ತಿದ್ದುದು ಪಕ್ಕದ ಮನೆಯ ದರ್ಜಿ. ಅವನು ಆಗಲೇ ತೋಳು ಮಡಚಿ ತಯಾರಾಗಿದ್ದ. ಸ್ತಾಮೆನಾ ಅವನನ್ನು ದಾಟಿ ಬಂದು, ಮೊಂಬತ್ತಿಯ ಮುಂದೆ ಎರಡೂ ಕೈಯಲ್ಲಿ ರೊಟ್ಟಿ ಎತ್ತಿಕೊಂಡಳು.

"ಗ್ವೋಜ್ದೆನ್," ಎಂದು ಎಲ್ಲರಿಗೂ ಕೇಳುವಂತೆ ಕರೆದಳು. "ಬಾ, ಆ ಕಡೆ ಹಿಡ್ಕೋ."